ಮೊಲದಮ್ಮನ ತಟ್ಟೆ

ಕುಕ್ಕರಿನ ಗ್ಯಾಸ್ಕೆಟ್ ತರಲು ಮೈಸೂರಿಗೆ ಹೋಗಿ ವಿಡಿಯೋ ಗೇಮ್ ಹೊತ್ತುಕೊಂಡು ಬಂದ ಮೇಡಂ ಇಡೀ ನಂಜನಗೂಡಿನಲ್ಲಿ ನಾನೊಬ್ಬಳೇ ಇರಬೇಕು. ಇಷ್ಟು ವರ್ಷ ಇದನ್ನು ಯಾರಿಗೂ ಹೇಳಿರಲಿಲ್ಲ. ನಿಮಗೆ ಹೇಳುತ್ತಿದ್ದೇನೆ, ನಿಮ್ಮಲ್ಲೇ ಇರಲಿ. ಆಗ ನನಗೆ ನಲವತ್ತೆರಡು ವರ್ಷ. ನರಸೀಪುರದ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದೆ. ಗುರುತ್ವಾಕರ್ಷಣೆಯ ಪಾಠವನ್ನು ಎಷ್ಟು ಗಂಭೀರವಾಗಿ ಮಾಡುತ್ತಿದ್ದೆನೆಂದರೆ ಹಿಂದಿನ ಬೆಂಚಿನವರೂ ಡೆಸ್ಕು ಭದ್ರವಾಗಿ ಹಿಡಿದುಕೊಂಡು ಕೂರುತ್ತಿದ್ದರು.

ತಪ್ಪು ನನ್ನದಲ್ಲ. ಗ್ಯಾಸ್ಕೆಟ್ ಅಂಗಡಿಯವನು ಊಟಕ್ಕೆ ಹೋಗಿದ್ದ. ಬಿಸಿಲಲ್ಲಿ ನಿಲ್ಲಲಾರದೆ ಪಕ್ಕದ ಸೆಕೆಂಡ್ ಹ್ಯಾಂಡ್ ಟೇಪ್‌ರೆಕಾರ್ಡರಿನ ಅಂಗಡಿಯೊಳಗೆ ನೆರಳಿಗೆ ಹೋದೆ. ಅಲ್ಲಿ ಒಂದು ಹಳೆಯ ಗೇಮಿನ ಪೆಟ್ಟಿಗೆಯ ಮೇಲೆ ಏಪ್ರನ್ ಕಟ್ಟಿಕೊಂಡ ಮೊಲವೊಂದು ಕೈಯಲ್ಲಿ ತಟ್ಟೆ ಹಿಡಿದು ನಗುತ್ತಿತ್ತು. ತಕ್ಷಣ ಗುರುತು ಸಿಕ್ಕಿತು. ಸಾಯಂಕಾಲ ಆರಕ್ಕೆ ಟೀವಿಯಲ್ಲಿ ಬರುತ್ತಿದ್ದ ಜಪಾನಿ ಕಾರ್ಟೂನಿನ ಮೊಲ. ಟೆಸ್ಟ್ ಪೇಪರು ತಿದ್ದುವ ನೆಪದಲ್ಲಿ ನಾನು ಅದರ ಒಂದು ಕಂತನ್ನೂ ಬಿಟ್ಟವಳಲ್ಲ. ಜಪಾನಿನಲ್ಲಿ ಹುಟ್ಟಿ ಹಿಂದಿ ಮಾತಾಡುವ ಮೊಲವನ್ನು ಕನ್ನಡದಲ್ಲಿ ಅರ್ಥ ಮಾಡಿಕೊಳ್ಳುವ ಗಡಿಬಿಡಿಯಲ್ಲಿ ಎಷ್ಟು ಮಕ್ಕಳಿಗೆ ಇಪ್ಪತ್ತಕ್ಕೆ ಇಪ್ಪತ್ತು ಕೊಟ್ಟಿದ್ದೇನೋ ದೇವರೇ ಬಲ್ಲ.

“ತಗೊಳ್ಳಿ ಮೇಡಂ, ಇದ್ರಲ್ಲಿ ಒಡೆಯೋದು ಬಡಿಯೋದು ಏನೂ ಇಲ್ಲ,” ಎಂದ ಅಂಗಡಿಯವನು. “ಒಂದು ಊರದೆ. ಆ ಊರಲ್ಲಿ ನೀವು ಸುಮ್ನೆ ಬದುಕೋದು, ಅಷ್ಟೆ.”

ಸುಮ್ಮನೆ ಬದುಕೋದು! ಐದೂವರೆಗೆ ಎದ್ದು ನೀರು ಹಿಡಿದು, ತಿಂಡಿ ಮಾಡಿ, ಮೂರು ಡಬ್ಬಿ ಕಟ್ಟಿ, ನರಸೀಪುರದ ಬಸ್ಸಿನಲ್ಲಿ ಒಂಟಿ ಕಾಲ ಮೇಲೆ ನಿಂತು ಹೋಗುವುದನ್ನು ಬದುಕು ಎನ್ನಬಹುದು, ಸುಮ್ಮನೆ ಎನ್ನುವುದು ಹೇಗೆ? ತಗೊಂಡೆ. ಗ್ಯಾಸ್ಕೆಟ್ ಮರೆತೆ, ಮನೆಗೆ ಬಂದು ಗೇಮನ್ನು ಟೀವಿಗೆ ಸಿಕ್ಕಿಸಿದೆ. ಆ ವಾರವೆಲ್ಲ ನಮ್ಮ ಕುಕ್ಕರ್ ಸೀಟಿ ಹೊಡೆಯುವ ಬದಲು ನಿಟ್ಟುಸಿರು ಬಿಟ್ಟಿತು.

ನನ್ನ ಗಂಡ ತಗಡೂರಿನ ಕಡೆ ಒಂದು ಪಂಚಾಯ್ತಿಯಲ್ಲಿ ಕೆಲಸದಲ್ಲಿದ್ದರು. ಯಾವುದನ್ನೇ ಆಗಲಿ ನಿಯಮ ತಿಳಿದುಕೊಂಡೇ ಮುಟ್ಟುವವರು.

“ಇದ್ರಲ್ಲಿ ಗೆಲ್ಲೋದು ಹೆಂಗೆ?” ಎಂದರು.

“ಗೆಲ್ಲೋದಿಲ್ಲ.”

“ಸೋಲೋದು?”

“ಅದೂ ಇಲ್ಲ.”

“ಮತ್ಯಾಕೆ ಆಡ್ತೀಯಾ?” ಎಂದು ಕೇಳಿ, ಉತ್ತರಕ್ಕೆ ಕಾಯದೆ ಪೇಪರು ಬಿಡಿಸಿಕೊಂಡರು. ಈ ಜಗತ್ತೇ ಭಗವಂತನ ಲೀಲೆ, ಅಂದರೆ ಆಟ, ಎಂದು ಹಿರಿಯರು ಹೇಳುತ್ತಾರಲ್ಲ. ಬದುಕೇ ಆಟವಾದರೆ ಬದುಕಿನ ಆಟ ಏನಾಗಬೇಕು? ಆಟದ ಆಟವೇ? ಅದನ್ನು ಆಡುವವಳು ಎಷ್ಟನೇ ಸುತ್ತಿನ ಮಾಯೆಯಲ್ಲಿರುತ್ತಾಳೆ? ಮಠಕ್ಕೆ ಹೋದಾಗ ಕೇಳಬೇಕೆಂದಿದ್ದೆ. ಪ್ರಸಾದದ ಸಾಲಿನಲ್ಲಿ ನಿಂತು ಇಂಥದ್ದನ್ನು ಕೇಳಿದರೆ ಹಿಂದಿನವರು ತಳ್ಳುತ್ತಾರೆಂದು ಸುಮ್ಮನಾದೆ.

ಅಷ್ಟರಲ್ಲಿ ಅತ್ತೆ ಬಂದರು. ಅತ್ತೆಯ ತವರು ಹುಲ್ಲಹಳ್ಳಿ. ಎಪ್ಪತ್ತರ ಹತ್ತಿರದ ವಯಸ್ಸು, ಹಣೆಯ ತುಂಬ ವಿಭೂತಿ, ಗದ್ದೆಯ ಆಚೆ ಬದಿಗೂ ಕೇಳುವಂಥ ಗಂಟಲು. ಧಾರಾವಾಹಿ ಶುರುವಾಯಿತೇ ಎಂದು ನೋಡಲು ಬಂದವರು ಟೀವಿಯ ಮುಂದೆ ನಿಂತುಬಿಟ್ಟರು.

“ಅದ್ಯಾರವ್ವ ಆ ಮೊಲ್ದಮ್ಮ?”

“ಪಕ್ಕದ ಮನೆಯವರು, ಅತ್ತೆ.”

“ಯಾರ್ ಪಕ್ಕದ್ಮನೆ?”

“ನಮ್ಮದೇ.”

ಅತ್ತೆ ತಿರುಗಿ ನಮ್ಮ ಎಡಗಡೆಯ ಗೋಡೆಯನ್ನು ಒಮ್ಮೆ ನೋಡಿದರು. ಆಮೇಲೆ ಮುಖ ಸಿಂಡರಿಸಿಕೊಂಡು ಟೀವಿಯ ಕಡೆಗೇ ತಿರುಗಿದರು. ಆ ಗೋಡೆಯ ಕತೆಯನ್ನು ಆಮೇಲೆ ಹೇಳುತ್ತೇನೆ.

ಮೂರನೇ ದಿನಕ್ಕೆ ಜಾಯ್‌ಸ್ಟಿಕ್ ಅತ್ತೆಯ ಕೈಗೆ ಹೋಯಿತು. ಅದನ್ನು ಅವರು ‘ಗೂಟ’ ಎನ್ನುತ್ತಿದ್ದರು. ಇಂಗ್ಲಿಷಿನಲ್ಲಿ ಬರುವ ಮಾತುಗಳನ್ನು ಕನ್ನಡಕ್ಕೆ ತಿರುಗಿಸುವುದು ನನ್ನ ಪಾಲಿಗೆ ಬಂತು. ಟೋಪಿ ಹಾಕಿಕೊಂಡ ನಮ್ಮ ಗೊಂಬೆ ಬೆಳಿಗ್ಗೆ ಎದ್ದ ಕೂಡಲೇ ತೋಟಕ್ಕೆ ಓಡಬೇಕೆಂದು ಆಟದವರ ಇಚ್ಛೆ. ಅತ್ತೆ ಬಿಡಲಿಲ್ಲ. ಮೊದಲು ಹೊಳೆಯ ಹತ್ತಿರ ಕರೆದೊಯ್ದು ನಿಲ್ಲಿಸುವರು. ಸ್ನಾನ ಮಾಡಿಸುವ ಬಟನ್ ಇಲ್ಲ ಎಂದರೆ, “ನಿಂತ್ಕಳ್ಲಿ ಸುಮ್ಕಿರು, ಆಯ್ತದೆ” ಎನ್ನುವರು. ಆ ಹೊಳೆಗೆ ಹೆಸರಿಲ್ಲವೆಂದು ತಿಳಿದಾಗ ಅವರಿಗೆ ನಿಜಕ್ಕೂ ಕಸಿವಿಸಿಯಾಯಿತು. ಕಪಿಲೆ ಎಂದು ತಾವೇ ಹೆಸರಿಟ್ಟರು. “ನಿನ್ ನರಸೀಪುರುಕ್ಕೋಯ್ತದಾ ಅದು?” ಎಂದು ನನ್ನನ್ನು ಕೇಳಿದರು. ಹೊಳೆ ಟೀವಿಯ ಬಲಗಡೆಯಿಂದ ಆಚೆ ಹರಿದು ಹೋಗುತ್ತಿತ್ತು. ಹೋಗುತ್ತದೆ ಎಂದೆ.

ತೊಂದರೆ ಬಂದದ್ದು ಮೀನಿನಿಂದ. ಆ ಊರು ನಡೆಯುವುದೇ ಮೀನಿನ ಮೇಲೆ. ಅಂಗಡಿಯ ಮುದಿ ಕರಡಿ ಮೊದಲ ದಿನವೇ ಗಾಳದ ಕೋಲು ಕೊಟ್ಟಿತ್ತು. “ನಾವು ಲಿಂಗ ಕಟ್ದೋರು ಅಂತ ಏಳು ಅವ್ನಿಗೆ,” ಎಂದರು ಅತ್ತೆ. ಕರಡಿಗೆ ಹಾಗೆಲ್ಲ ಹೇಳುವ ಸೌಕರ್ಯ ಇರಲಿಲ್ಲ. ಅದು ದಿನಾ ಬೆಳಿಗ್ಗೆ “ಇವತ್ತು ಮೀನು ಹಿಡಿಯಲು ಒಳ್ಳೆಯ ದಿನ” ಎನ್ನುತ್ತಿತ್ತು, ನಾನು ದಿನಾ ಅದನ್ನು “ಶರಣು ಶರಣಾರ್ಥಿ” ಎಂದು ಅನುವಾದಿಸುತ್ತಿದ್ದೆ. ಊರಿನ ಪ್ರಾಣಿಗಳೆಲ್ಲ ಎರಡಂತಸ್ತಿನ ಮನೆ ಕಟ್ಟಿಕೊಂಡವು. ನಾವು ಬರೀ ಮೂಲಂಗಿ ಬೆಳೆದುಕೊಂಡು ಹುಲ್ಲಿನ ಮನೆಯಲ್ಲೇ ಉಳಿದೆವು.

ಹಾಗಿರುವಾಗ ಒಂದು ದಿನ ಮೊಲದಮ್ಮ ನಮ್ಮ ಬಾಗಿಲು ತಟ್ಟಿ ತಟ್ಟೆಯ ತುಂಬ ಕಡುಬಿನಂಥ ತಿಂಡಿ ತಂದುಕೊಟ್ಟಳು. ಗೊಂಬೆ ತಿಂದಿತು. ಟಿಣ್ ಎಂದು ಸದ್ದಾಗಿ ತಟ್ಟೆಯೂ ಮಾಯವಾಯಿತು.

“ತಟ್ಟೆ ಎಲ್ಲವ್ವ?”

“ಅದೂ ಹೋಯಿತು ಅತ್ತೆ. ತಿಂಡಿಯ ಜೊತೆಗೇ.”

“ತಟ್ಟೆನೂ ನುಂಗಾಕ್ಬುಡ್ತಾ ಇದು?” ಅತ್ತೆ ಗೂಟ ಕೆಳಗಿಟ್ಟರು. “ನಾಳೀಕೆ ಏನಾಕಿ ಕೊಡೋದು ಅವ್ಳಿಗೆ? ಬರೀ ಕೈಲಿ ಓಗಾಕಾದದಾ?”

ಈ ಆಟದಲ್ಲಿ ತಟ್ಟೆ ವಾಪಸು ಮಾಡುವ ಪದ್ಧತಿ ಇಲ್ಲ ಎಂದು ವಿವರಿಸಿದೆ. ಅತ್ತೆ ನನ್ನನ್ನು ದಿಟ್ಟಿಸಿ ನೋಡಿ, “ಇದ್ನ ಮಾಡ್ದೋನ್ಗೆ ಅವ್ವ ಇರ್ನಿಲ್ವಾ?” ಎಂದು ಕೇಳಿದರು.

ಗೋಡೆಯ ಕತೆ ಹೇಳುವುದಕ್ಕೆ ಇದೇ ಸರಿಯಾದ ಜಾಗ. ನಮ್ಮ ಕಡೆ ಪಕ್ಕದ ಮನೆಯಿಂದ ಏನಾದರೂ ಬಂದರೆ ಆ ಪಾತ್ರೆಯನ್ನು ಬರಿದಾಗಿ ವಾಪಸು ಕೊಡುವುದಿಲ್ಲ. ಏನೂ ಇಲ್ಲವೆಂದರೂ ಒಂದು ಹಿಡಿ ಸಕ್ಕರೆ ಹಾಕಿ ಕೊಡುತ್ತೇವೆ. ಗೋಡೆಯಾಚೆಯ ರತ್ನಮ್ಮನೂ ಅತ್ತೆಯೂ ಹೀಗೆ ಇಪ್ಪತ್ತು ವರ್ಷ ಪಾತ್ರೆ ಆಡಿಸಿದವರು. ಒಂದು ಯುಗಾದಿಗೆ ರತ್ನಮ್ಮ ಸ್ಟೀಲ್ ಡಬ್ಬಿಯಲ್ಲಿ ಒಬ್ಬಟ್ಟು ಕಳಿಸಿದ್ದರು. ಅತ್ತೆ ತಿನ್ನುತ್ತಾ, ಹೂವಿನವಳ ಮುಂದೆ, “ಊರ್ಣ ಒಸಿ ನೀರಾಗದೆ” ಎಂದುಬಿಟ್ಟರು. ಹೂವಿನವಳು ಪಕ್ಕದ ಮನೆಗೂ ಹೂವು ಕೊಡುತ್ತಿದ್ದಳು. ಅಷ್ಟೇ ನೋಡಿ, ಮಾತು ನಿಂತಿತು. ಒಂಬತ್ತು ವರ್ಷ! ಡಬ್ಬಿ ನಮ್ಮ ಅಟ್ಟದ ಮೇಲೆ ಉಳಿಯಿತು. ಬರಿದಾಗಿ ಕೊಡುವಂತಿಲ್ಲ, ತುಂಬಿ ಕೊಡೋಣವೆಂದರೆ ಮಾತಿಲ್ಲ. ಪ್ರತಿ ಹಬ್ಬಕ್ಕೂ ಅತ್ತೆ ಅದನ್ನು ಇಳಿಸಿ, ಮುಚ್ಚಳದ ಮೇಲೆ ಕೊರೆಸಿದ್ದ ರತ್ನಮ್ಮನ ಹೆಸರಿನ ಸಂದಿಯಲ್ಲೂ ಹುಣಸೆಹಣ್ಣು ಹಾಕಿ ಉಜ್ಜಿ, ಒರೆಸಿ, ಮತ್ತೆ ಮೇಲಿಡುತ್ತಿದ್ದರು. ಆಗ ಅವರನ್ನು ಯಾರೂ ಮಾತಾಡಿಸುವಂತಿರಲಿಲ್ಲ.

ಇಂಥ ಅತ್ತೆ ಮೊಲದಮ್ಮನ ವಿಷಯದಲ್ಲಿ ಅದೇ ತಪ್ಪು ಮಾಡಲು ತಯಾರಿರಲಿಲ್ಲ. ಮೂಲಂಗಿ ಮಾರಿ ಕರಡಿಯ ಅಂಗಡಿಯಿಂದ ಒಂದು ತಟ್ಟೆ ತಂದೆವು. ಅದನ್ನೂ ಎರಡು ಮೂಲಂಗಿಯನ್ನೂ ಮೊಲದಮ್ಮನಿಗೆ ಕೊಟ್ಟೆವು. ‘ನನಗಾ? ತುಂಬಾ ಖುಷಿಯಾಯಿತು!’ ಎಂದಿತು ಅದು ಇಂಗ್ಲಿಷಿನಲ್ಲಿ. ಇಷ್ಟು ನೇರವಾಗಿ ಖುಷಿಪಟ್ಟರೆ ನಮ್ಮಲ್ಲಿ ಮರ್ಯಾದೆಯಲ್ಲ. ಹಾಗಾಗಿ ನಾನು, “ಅಯ್ಯೋ, ಇದ್ಯಾಕೆ ತರೋಕೆ ಹೋದ್ರಿ ಅಂತಾವ್ಳೆ,” ಎಂದೆ. ಅತ್ತೆಗೆ ಮೊಲದ ಮೇಲೆ ಗೌರವ ಬಂತು. ದಿನಾ ಅವಳ ತಟ್ಟೆ ಬರುವುದು, ಮಾಯವಾಗುವುದು, ನಾವು ಹೊಸ ತಟ್ಟೆ ಕೊಂಡು ಕೊಡುವುದು. ಎರಡು ತಿಂಗಳಲ್ಲಿ ಮೊಲದಮ್ಮನ ಮನೆಯಲ್ಲಿ ಒಂದು ಮದುವೆಗಾಗುವಷ್ಟು ತಟ್ಟೆ ಸೇರಿರಬೇಕು.

ಆಮೇಲೆ ಒಂದು ಬುಧವಾರ ಮೊಲದಮ್ಮನಿಂದ ಕಾಗದ ಬಂತು. ಬರುವ ಸೋಮವಾರ ಬೆಟ್ಟದಾಚೆಯ ಊರಿಗೆ ಹೋಗುತ್ತೇನೆ, ಇಷ್ಟು ದಿನ ಚೆನ್ನಾಗಿತ್ತು ಎಂದು ಬರೆದಿದ್ದಳು. ಕಾರ್ಟೂನಿನಲ್ಲೂ ಅವಳು ಕೊನೆಗೆ ಹೀಗೇ ಹೋಗುತ್ತಾಳೆ. ಅತ್ತೆಯ ಮುಖ ನೋಡಲಾಗದೆ ಗೇಮ್ ಮಾರಿದ ಮೈಸೂರಿನ ಅಂಗಡಿಯವನಿಗೆ ಫೋನ್ ಮಾಡಿದೆ. “ಒಂದು ಕೆಂಪು ಮೀನು ಹಿಡಿದು ಕೊಡಿ ಮೇಡಂ, ನಿಂತ್ಕೋತದೆ. ಬೇರೆ ದಾರಿ ಇಲ್ಲ,” ಎಂದ.

ಗುರುವಾರವೂ ಶುಕ್ರವಾರವೂ ಅತ್ತೆ ಸರಿಯಾಗಿ ಊಟ ಮಾಡಲಿಲ್ಲ. ಒಂದು ಕಡೆ ಏಳು ತಲೆಮಾರಿನ ಆಚಾರ, ಇನ್ನೊಂದು ಕಡೆ ಉದ್ದ ಕಿವಿಯ ಒಬ್ಬ ನೆರೆಯವಳು. ಕೊನೆಗೆ ಅವರೇ ಒಂದು ದಾರಿ ಹುಡುಕಿದರು. ಮೀನನ್ನು ಕೊಲ್ಲುವಂತಿಲ್ಲ, ಜೀವಂತ ಹಿಡಿದು ನೀರಿನ ಸಮೇತ ಕೊಡುವುದು, ಅವಳು ಬಾವಿಯಲ್ಲಿ ಬಿಟ್ಟು ಸಾಕಿಕೊಳ್ಳುವುದು. “ಮೊಲ ಹೇಗೂ ಮೀನು ತಿನ್ನೋದಿಲ್ಲ ಅತ್ತೆ, ಅದು ಸಸ್ಯಾಹಾರಿ,” ಎಂದೆ ನಾನು. ಇಪ್ಪತ್ತು ವರ್ಷ ವಿಜ್ಞಾನ ಕಲಿಸಿದ್ದೇನೆ, ಅದರಿಂದ ಒಬ್ಬರಿಗೆ ಸಮಾಧಾನವಾದದ್ದು ಅದೇ ಮೊದಲು.

ಶನಿವಾರ ಅರ್ಧ ದಿನದ ಶಾಲೆ ಮುಗಿಸಿ ಬಂದಾಗ ಕರೆಂಟಿತ್ತು. ಅತ್ತೆ ಕೈಕಾಲು ತೊಳೆದು, ವಿಭೂತಿ ಇಟ್ಟುಕೊಂಡು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಗೂಟ ಹಿಡಿದು ಕಪಿಲೆಯ ದಡದಲ್ಲಿ ಗಾಳ ಹಾಕಿದರು. ಮೊದಲ ಸಲ ಒಂದು ಹಳೆಯ ಬೂಟು ಬಂತು. ಎರಡನೇ ಸಲವೂ ಬೂಟೇ ಬಂತು. “ಜೊತೆ ಆಯ್ತು,” ಎಂದು ಅತ್ತೆ ಮೂರನೇ ಸಲ ಹಾಕುವಷ್ಟರಲ್ಲಿ ಗಂಡ ಒಳಗೆ ಬಂದರು.

“ಅವ್ವಾ, ಏನ್ ಮಾಡ್ತಿದೀಯಾ?”

“ಮೀನಿಡೀತಾ ಇವ್ನಿ.”

ಅವರು ಗೋಡೆ ಹಿಡಿದುಕೊಂಡರು. ಆಮೇಲೆ, ಹೇಳಬೇಕೆಂದು ಬಂದದ್ದು ನೆನಪಾಗಿ, “ಪಕ್ಕದ್ಮನೆಯೋರು ನಾಳೆ ಬನ್ನೂರಿಗೆ ಹೊಂಟವ್ರಂತೆ. ಅಲ್ಲೇ ಮನೆ ಕಟ್ಸವ್ರೆ. ಟೆಂಪೋ ಗೊತ್ತು ಮಾಡಾಯ್ತಂತೆ,” ಎಂದರು.

ಅದೇ ಹೊತ್ತಿಗೆ ಬೆಂಡು ಮುಳುಗಿತು. ಕೆಂಪು ಮೀನು! ನೀರಿನಲ್ಲಿ ಅದರ ಬಾಲ ಕಾಣುತ್ತಿತ್ತು. “ಒತ್ತಿ ಅತ್ತೆ, ಒತ್ತಿ!” ಎಂದು ಕೂಗಿದೆ. ಅತ್ತೆ ಒತ್ತಲಿಲ್ಲ. ಗಾಳ ಸಡಿಲವಾಯಿತು, ಮೀನು ನರಸೀಪುರದ ಕಡೆಗೆ ಹೊರಟುಹೋಯಿತು.

“ಅಟ್ಟದ್ ಮ್ಯಾಲಿಂದ ಆ ಡಬ್ಬಿ ಇಳ್ಸವ್ವ,” ಎಂದರು ಅತ್ತೆ.

ಭಾನುವಾರ ಬೆಳಿಗ್ಗೆ ನಮ್ಮ ಮನೆಯಲ್ಲಿ ಹಬ್ಬವಿಲ್ಲದ ಒಬ್ಬಟ್ಟು. ಅತ್ತೆಯ ಹೂರ್ಣ ಎಂದರೆ ಬೀದಿಗೇ ಹೆಸರಾದದ್ದು, ಉಂಡೆ ಕಟ್ಟಿದರೆ ಚೆಂಡಿನ ಹಾಗೆ ನಿಲ್ಲುತ್ತದೆ. ಆ ದಿನ ಬೇಳೆ ರುಬ್ಬಿಯಾದ ಮೇಲೆ, ಬಸಿದಿಟ್ಟ ಕಟ್ಟಿನಿಂದ ಒಂದು ಸೌಟು ತೆಗೆದು ಹೂರ್ಣಕ್ಕೆ ಸುರಿದರು. ನಾನು ಗಾಬರಿಯಾಗಿ, “ಅತ್ತೆ, ನೀರಾಗಿಬಿಡುತ್ತೆ!” ಎಂದೆ.

“ನಂಗೊತ್ತು, ಸುಮ್ಕಿರು.”

ನಾಲ್ಕು ಒಬ್ಬಟ್ಟು ಹರಿದವು. ಹರಿಯದವನ್ನು ಆರಿಸಿ ಡಬ್ಬಿಗೆ ಹಾಕಿ, ಮೇಲೆ ನಮ್ಮದೊಂದು ತಟ್ಟೆ ಮುಚ್ಚಿಕೊಂಡು ಅತ್ತೆ ಹೊರಟರು. ಹಿಂದೆ ನಾನು. ಪಕ್ಕದ ಮನೆಯ ಮುಂದೆ ಟೆಂಪೋ ತುಂಬಿತ್ತು. ರತ್ನಮ್ಮ ತುಳಸಿ ಕುಂಡವನ್ನು ತೊಡೆಯ ಮೇಲಿಟ್ಟುಕೊಂಡು ಜಗಲಿಯಲ್ಲಿ ಕೂತಿದ್ದರು. ಅತ್ತೆ ಡಬ್ಬಿ ಚಾಚಿದರು. ರತ್ನಮ್ಮ ತಮ್ಮ ಡಬ್ಬಿಯನ್ನು ನೋಡಿದರು, ಅತ್ತೆಯನ್ನು ನೋಡಿದರು. ಕುಂಡ ಕೆಳಗಿಟ್ಟು, ತಟ್ಟೆ ಸರಿಸಿ, ಒಂದು ಒಬ್ಬಟ್ಟು ತೆಗೆದು ಮುರಿದರು. ಹೂರ್ಣ ಬೆರಳ ಸಂದಿಯಿಂದ ಮಣಿಕಟ್ಟಿನವರೆಗೆ ಇಳಿಯಿತು. ಪೂರ್ತಿ ತಿಂದರು, ಬೆರಳೂ ನೆಕ್ಕಿದರು.

“ಊರ್ಣ ಒಸಿ ನೀರಾಗದೆ ಕಣಕ್ಕ,” ಎಂದರು.

“ಊಂ ಕಣವ್ವ, ನೀರಾಗದೆ,” ಎಂದರು ಅತ್ತೆ. “ನಿಂದೇ ಪಸಂದಾಗಿತ್ತು.”

ಆಮೇಲೆ ಇಬ್ಬರೂ ಅತ್ತದ್ದು, ನಕ್ಕದ್ದು, ಟೆಂಪೋದವನು ಹಾರನ್ ಹೊಡೆದು ಹೊಡೆದು ಸುಸ್ತಾಗಿ ಕೆಳಗಿಳಿದು ತಾನೂ ಒಂದು ಒಬ್ಬಟ್ಟು ತಿಂದದ್ದು, ಎಲ್ಲ ಆಯಿತು. ನಾನೂ ಅತ್ತುಬಿಟ್ಟೆ. ವಿಜ್ಞಾನದವರು ಅಳಬಾರದೆಂದೇನೂ ಇಲ್ಲವಲ್ಲ.

ಆ ಗಲಾಟೆಯಲ್ಲಿ ಸೋಮವಾರ ಕಳೆದದ್ದು ತಿಳಿಯಲಿಲ್ಲ. ಮಂಗಳವಾರ ಸಾಯಂಕಾಲ ಟೀವಿ ಹಾಕಿದರೆ ಮೊಲದಮ್ಮನ ಮನೆಗೆ ಬೀಗ ಬಿದ್ದಿತ್ತು. ಅತ್ತೆ ನೊಂದುಕೊಳ್ಳುತ್ತಾರೆಂದು ಹೆದರಿದ್ದೆ. ಅವರು ಬೀಗವನ್ನು ಸ್ವಲ್ಪ ಹೊತ್ತು ನೋಡಿ, “ಓಗ್ಲಿ ಬುಡು. ಅವ್ಳ ತಟ್ಟೆ ಒಂದಾರ ನಮ್ಮಟ್ಟೀಲಿ ಉಳೀತಾ? ಯಾತಕ್ಕೆ ತಿರ್ಗಿ ಬಂದಾಳು?” ಎಂದು ಗೂಟವನ್ನು ನನ್ನ ಕೈಗೆ ಕೊಟ್ಟು ಸೊಪ್ಪು ಬಿಡಿಸಲು ಕೂತರು.

ಒಬ್ಬಟ್ಟಿನ ಕಾವಲಿಯನ್ನು ಎತ್ತಿಡಲು ಅಟ್ಟಕ್ಕೆ ಕೈ ಹಾಕಿದಾಗ ಏನೋ ತಣ್ಣಗೆ ಸಿಕ್ಕಿತು. ತೆಗೆದು ನೋಡಿದರೆ ಡಬ್ಬಿಯ ಮುಚ್ಚಳ. ರತ್ನಮ್ಮನ ಹೆಸರು ಫಳಫಳ ಹೊಳೆಯುತ್ತಿತ್ತು.

“ಅತ್ತೆ, ಮುಚ್ಚಳ ಮರೆತೇಬಿಟ್ಟಿದೀರಿ! ಬನ್ನೂರಿನ ಬಸ್ಸಿನವರ ಕೈಲಿ ಕಳಿಸಿಬಿಡಲಾ?”

ಅತ್ತೆ ಸೊಪ್ಪಿನಿಂದ ತಲೆ ಎತ್ತಲಿಲ್ಲ.

“ಅಲ್ಲೇ ಮಡುಗು. ನಮ್ ತಟ್ಟೆ ಅವ್ಳತ್ರ ಅದೆ.”