ದೇವರ ಹುಳ ಬರುತ್ತಿದ್ದ ಬದು

ನಮ್ಮ ಹೊಲಕ್ಕೂ ಚಿಕ್ಕಪ್ಪನ ಹೊಲಕ್ಕೂ ನಡುವೆ ಗಾಡಿ ಹೋಗುವಷ್ಟು ಅಗಲದ ಒಂದು ಬದು ಇತ್ತು. ಹಳೇಕೋಟೆ ಕಡೆಯ ಖುಷ್ಕಿ ಜಮೀನು. ರಾಗಿ, ಹುರುಳಿ ಬಿಟ್ಟರೆ ಇನ್ನೇನನ್ನೂ ಕೊಡದ ಕೆಂಪು ನೆಲ. ಬದುವಿನ ಮೇಲೆ ತಂಗಡಿ ಗಿಡ, ಬಂದರೆ ಪೊದೆ, ಮೊಣಕಾಲುದ್ದದ ಹುಲ್ಲು. ನೇಗಿಲು ಅದನ್ನು ಮುಟ್ಟಿದ್ದೇ ಇಲ್ಲ. ಬೇಸಿಗೆಯಲ್ಲಿ ಹೊಲ ಬಿರಿದು ಬಿದ್ದಿದ್ದರೂ ಬದುವಿನ ಬುಡದಲ್ಲಿ ಒಂದು ಊರೇ ಓಡಾಡುತ್ತಿತ್ತು. ಕಲ್ಲೆತ್ತಿದರೆ ಚೇಳು, ಕರಿ ಜೀರುಂಡೆ, ಹೊಟ್ಟೆಯ ತುದಿಗೆ ಬಿಳಿ ಮೊಟ್ಟೆಚೀಲ ಅಂಟಿಸಿಕೊಂಡು ಓಡುವ ನೆಲಜೇಡ. ಹುಲ್ಲು ಕೊಯ್ಯುವಾಗ ನಾನು ಕಿರುಚದ ದಿನವಿಲ್ಲ.

ನನ್ನ ತಮ್ಮ ಆ ಬದುವಿನಲ್ಲಿದ್ದ.

ಐವತ್ತರ ದಶಕದ ಮಾತು. ಹುಟ್ಟಿ ವಾರವೂ ಆಗಿರಲಿಲ್ಲ, ಹೆಸರೂ ಇಟ್ಟಿರಲಿಲ್ಲ, ಹೋಗಿಬಿಟ್ಟ. ಅಪ್ಪ ಟವಲಿನಲ್ಲಿ ಸುತ್ತಿ ಎತ್ತಿಕೊಂಡು ಹೋದ. ಜೊತೆಗೆ ಗುದ್ದಲಿ ಹಿಡಿದು ತಾತ. ಎಳೆಗೂಸನ್ನು ನಮ್ಮಲ್ಲಿ ಸುಡುವುದಿಲ್ಲ, ಹೂಳುತ್ತಾರೆ. ಮೇಲೆ ಕಲ್ಲು ನೆಡುವುದಿಲ್ಲ. ಹೆಂಗಸರು ಜೊತೆಗೆ ಹೋಗುವಂತಿಲ್ಲ. ಆಮೇಲೆ ಜಾಗವನ್ನು ಯಾರೂ ಬೆರಳು ಮಾಡಿ ತೋರಿಸುವಂತಿಲ್ಲ. ತೋರಿಸಿದರೆ ಮನೆಯಲ್ಲಿ ಮುಂದೆ ಹುಟ್ಟುವ ಕೂಸೂ ಅತ್ತಲೇ ಮುಖ ಮಾಡುತ್ತದಂತೆ. ಯಾವ ಪುಣ್ಯಾತ್ಮ ಕಟ್ಟಿದ ಕಟ್ಟಳೆಯೋ, ಹೆತ್ತವಳನ್ನಂತೂ ಕೇಳಿ ಕಟ್ಟಿದ್ದಲ್ಲ.

ಅವ್ವ ಕೇಳಿದ್ದಕ್ಕೆ ಅಪ್ಪ ಹೇಳಿದ್ದು ಒಂದೇ ಮಾತು: "ಬದೀನ್ ಮ್ಯಾಲೆ." ಅಷ್ಟುದ್ದದ ಬದುವಿನಲ್ಲಿ ಎಲ್ಲಿ ಎಂದು ಹೇಳಲಿಲ್ಲ. ಅವಳೂ ಮತ್ತೆ ಕೇಳಲಿಲ್ಲ.

ಮುಂದಿನ ವರ್ಷ ಮೊದಲ ಮಳೆ ಬಿದ್ದ ಬೆಳಿಗ್ಗೆ ಅವ್ವ ನನ್ನನ್ನೂ ಕರೆದುಕೊಂಡು ಬದುವಿಗೆ ಹೋದಳು. ಒಂದು ಕಡೆ, ಅಲ್ಲಿ ಮಾತ್ರ, ಹುಲ್ಲಿನ ನಡುವೆ ಕೆಂಪು ಮಖಮಲ್ಲಿನ ಚೂರುಗಳಂಥ ಹುಳಗಳು ಮಣ್ಣಿನೊಳಗಿಂದ ಎದ್ದು ಹರಿದಾಡುತ್ತಿದ್ದವು. ನಮ್ಮಲ್ಲಿ ಅವನ್ನು ದೇವರ ಹುಳ ಎನ್ನುತ್ತಿದ್ದೆವು. ಅವ್ವ ಸೆರಗು ಕಟ್ಟಿಕೊಂಡು ಕುಕ್ಕರಗಾಲಲ್ಲಿ ಕೂತಳು. "ಇಲ್ಲೇ ಕಣವ್ವ ನಿನ್ ತಮ್ಮ," ಎಂದಳು. "ಆಡ್ಕಂಡವ್ನೆ."

ಹುಲ್ಲು, ನೆರಳು, ಯಾರೂ ಕೆದಕದ ಮಣ್ಣು ಇದ್ದಲ್ಲಿ ಆ ಹುಳ ಬರುತ್ತವೆ ಎಂದು ಈಗ ನನಗೆ ಗೊತ್ತು. ಗೊತ್ತಾಗಿ ಏನು ಬಂತು? ವರ್ಷವರ್ಷವೂ ಅವು ಆ ಸುತ್ತಿನಲ್ಲೇ ಏಳುತ್ತಿದ್ದವು. ವರ್ಷವರ್ಷವೂ ಅವ್ವ ಹೋಗಿ ಕೂತು ಬರುತ್ತಿದ್ದಳು. ಒಂದು ಸಲ ಬೆನ್ನ ತುಂಬ ಮರಿ ಹೊತ್ತುಕೊಂಡ ನೆಲಜೇಡ ಅವಳ ಕಾಲ ಪಕ್ಕ ಹಾದುಹೋಯಿತು. "ಇದ್ಕಿರೋ ಪುಣ್ಯ ನೋಡು," ಎಂದಳು. ಆ ಮಾತಿಗೆ ನನಗೆ ಅಳು ಬಂದು, ಹುಲ್ಲು ಕೊಯ್ಯುವ ನೆಪದಲ್ಲಿ ಆಚೆ ಹೋದೆ.

ಅರವತ್ತರ ದಶಕ ಬಂತು. ಊರಿಗೆ ಒಬ್ಬ ಗ್ರಾಮಸೇವಕ ಸೈಕಲ್ಲಿನಲ್ಲಿ ಬರತೊಡಗಿದ. ಒಳ್ಳೆಯವನೇ. ಬೆಳೆ ತಿನ್ನುವ ಹುಳವೆಲ್ಲ ಅಡಗುವುದು ಬದುವಿನ ಪೊದೆಯಲ್ಲಿ, ಅದನ್ನು ಸವರಿ ಪುಡಿ ಹೊಡೆಯಿರಿ ಎಂದ. ಅದೇ ಪೊದೆಯ ಜೇಡ, ಜೀರುಂಡೆಗಳೇ ಆ ಹುಳವನ್ನು ತಿನ್ನುತ್ತಿದ್ದವು ಎಂದು ಅವನಿಗೂ ಯಾರೂ ಹೇಳಿರಲಿಕ್ಕಿಲ್ಲ. ಚಿಕ್ಕಪ್ಪನಿಗೆ ಹೊಸದು ಎಂದರೆ ಸಾಕು, ಕೋತಿಗೆ ಹೆಂಡ ಕುಡಿಸಿದಂತೆ. ಚನ್ನರಾಯಪಟ್ಟಣಕ್ಕೆ ಹೋಗಿ ಪುಡಿಯ ಚೀಲ ಹೊತ್ತುಕೊಂಡೇ ಬಂದ.

"ಅಣ್ಣ, ಇಷ್ಟಗಲ ಜಾಗ ದಂಡವಾಗಿ ಬಿದ್ದದೆ. ಕಿತ್ತಾಕ್ಬುಟ್ಟು ಒಂದೇ ಮಟ್ಟ ಮಾಡಾನ. ನಮ್ ನಮ್ಮಲ್ಲಿ ಗೆರೆ ಯಾಕೆ?"

ಕೂಸು ಸತ್ತಾಗ ಅವನು ಇನ್ನೂ ಹುಡುಗ. ಎಲ್ಲಿ ಹೂತರೆಂದು ಅವನಿಗೆ ಯಾರೂ ಹೇಳಿರಲಿಲ್ಲ. ಹೇಳಬೇಕಾದ ತಾತ ತೀರಿಹೋಗಿದ್ದ. ಉಳಿದವನು ಅಪ್ಪ. ಅವನು ಜಗಲಿಯ ಮೇಲೆ ಕೂತು ಬೀಡಿ ಕಚ್ಚಿಕೊಂಡು, ನೀರಿನ ಬಿಂದಿಗೆ ಇಳಿಸುತ್ತಿದ್ದ ಚಿಕ್ಕಮ್ಮನನ್ನು ನೋಡಿದ. ಚಿಕ್ಕಮ್ಮ ತುಂಬಿದ ಬಸುರಿ, ಚೊಚ್ಚಲು. ಸತ್ತ ಕೂಸಿನ ಜಾಗವನ್ನು ಬಸುರಿಯಿರುವ ಮನೆಯಲ್ಲಿ ಬಾಯಿಬಿಟ್ಟು ಹೇಳುವುದು ಹೇಗೆ? "ನಿನ್ನಿಷ್ಟ ಕಣ್ಲಾ," ಎಂದುಬಿಟ್ಟ.

ಅವ್ವ ಆಗ ನುಗ್ಗೇಹಳ್ಳಿಯ ತವರಿನಲ್ಲಿದ್ದಳು. ನಾನು ಮಧ್ಯಾಹ್ನದ ಹಿಟ್ಟಿನ ಬುತ್ತಿ ಹೊತ್ತುಕೊಂಡು ಹೊಲಕ್ಕೆ ಹೋಗುವಷ್ಟರಲ್ಲಿ ಪೊದೆಗಳು ಸುಟ್ಟು ಬೂದಿಯಾಗಿದ್ದವು, ಚಿಕ್ಕಪ್ಪ ಕಬ್ಬಿಣದ ನೇಗಿಲು ಹೊಡೆಯುತ್ತಿದ್ದ. ಅಪ್ಪ ಸೊಂಟ ಬಗ್ಗಿಸಿ, ಸಾಲನ್ನೇ ನೋಡುತ್ತ ನೇಗಿಲ ಹಿಂದೆ ನಡೆಯುತ್ತಿದ್ದ. ಬೇರು ಆಯುತ್ತಿದ್ದಾನೆ ಎಂದು ಮೊದಲು ಅಂದುಕೊಂಡೆ. ಅವನ ಕೈಯಲ್ಲಿ ಒಂದು ಬೇರೂ ಇರಲಿಲ್ಲ. ಸಂಜೆ ಪುಡಿ ಎರಚಿದರು. ಅದರ ಕಮಟು ವಾಸನೆ ವಾರವಾದರೂ ಹೋಗಲಿಲ್ಲ.

ಚಿಕ್ಕಮ್ಮನಿಗೆ ಗಂಡುಮಗು ಹುಟ್ಟಿತು, ಗಟ್ಟಿಮುಟ್ಟಾಗಿ. ಅವ್ವ ತವರಿನಿಂದ ಬಂದು ಬಾಣಂತನ ಮಾಡಿದಳು. ಹೊಲದ ಸುದ್ದಿ ಕೇಳಿದ ಮೇಲೆ ಮಳೆ ಬರಲಿ ಎಂದು ಕಾದಳು.

ಮಳೆ ಚೆನ್ನಾಗಿಯೇ ಬಂತು. ರೋಹಿಣಿ ಮಳೆಗೆ ಓಣಿಯೆಲ್ಲ ಕೆಸರು. ಬೆಳಿಗ್ಗೆ ಮೂವರೂ ಹೊಲಕ್ಕೆ ಹೋದೆವು. ಅಪ್ಪನನ್ನು ಯಾರೂ ಕರೆದಿರಲಿಲ್ಲ, ಅವನಾಗಿಯೇ ಬಂದ. ಹೊಲ ಈ ತುದಿಯಿಂದ ಆ ತುದಿಯವರೆಗೆ ಒಂದೇ ಮಟ್ಟ, ಒಂದೇ ಬಣ್ಣ. ಹುಳವಿಲ್ಲ, ಜೇಡವಿಲ್ಲ, ಒಂದು ಇರುವೆಯ ಸಾಲೂ ಕಾಣಲಿಲ್ಲ. ಅವ್ವ ದಾರಿಯಂಚಿನಲ್ಲೇ ನಿಂತು ಬಹಳ ಹೊತ್ತು ನೋಡಿದಳು. ಕಡೆಗೆ ಅಪ್ಪನೇ ಕಟ್ಟಳೆ ಮುರಿದ. ತೋರಿಸಲು ಕೈ ಎತ್ತಿದ. ಎತ್ತಿದ ಕೈ ಅತ್ತ ಸರಿಯಿತು, ಇತ್ತ ಸರಿಯಿತು, ಎಲ್ಲೂ ನಿಲ್ಲಲಿಲ್ಲ. ಅವನಿಗೂ ಗುರುತು ಸಿಗಲಿಲ್ಲ.

ಕಳೆ ಕೀಳುವ ಕಾಲ ಬಂದಾಗ ಹೆಂಗಸರೆಲ್ಲ ಕುಡುಗೋಲು ಹಿಡಿದು ಹೊಲಕ್ಕೆ ಇಳಿದರು. ಅವ್ವ ಇಳಿಯಲಿಲ್ಲ. ಚಿಕ್ಕಪ್ಪ ಹೊಲದೊಳಗಿಂದ ಕೂಗಿದ: "ಯಾಕತ್ತಿಗೆ, ಅಲ್ಲೇ ನಿಂತ್ಬುಟ್ಟೆ? ಬಾ."

ಅವ್ವ ತನ್ನ ಬರಿಗಾಲನ್ನು ನೋಡಿಕೊಂಡಳು.

"ಎಲ್ಲೀಂತ ಕಾಲಿಡ್ಲಪ್ಪ?" ಎಂದಳು.