ಸೆರಗಿನಲ್ಲಿ ಕಟ್ಟಿ ತಂದ ಹಲ್ಲು

ಗದಗಿನ ಒಂದು ಕಾಲೇಜಿನಲ್ಲಿ ನಾನು ವಿಧಿವಿಜ್ಞಾನದ ಎಂ.ಎಸ್ಸಿ. ವಿಭಾಗ ನೋಡಿಕೊಳ್ಳುತ್ತೇನೆ. ರಕ್ತ, ಕೂದಲು, ಎಲುಬುಗಳಿಂದ ಮನುಷ್ಯನ ಗುರುತು ಹಿಡಿಯುವುದು ಹೇಗೆಂದು ಅಲ್ಲಿ ಕಲಿಸುತ್ತೇವೆ. ಕಲಿಸುವವರು ಹೆಚ್ಚು ಜನರೇನಿಲ್ಲ. ಡಿಎನ್‌ಎ ಪಾಠ ಮಾಡುವ ಲಕ್ಷ್ಮೇಶ್ವರದ ಒಬ್ಬ ತರುಣ ಅಧ್ಯಾಪಕನಿದ್ದಾನೆ, ಉಳಿದದ್ದೆಲ್ಲ ನನ್ನ ತಲೆಯ ಮೇಲೆ. ನಿಜವಾದ ಪ್ರಕರಣದ ಎಲುಬು ಮುಟ್ಟುವ ಅಧಿಕಾರ ನಮಗಿಲ್ಲ. ಅವು ಪೊಲೀಸರ ಕೈಯಿಂದ ನೇರ ಸರಕಾರಿ ಪ್ರಯೋಗಾಲಯಕ್ಕೆ ಹೋಗುತ್ತವೆ. ನಾವು ಮಟನ್ ಅಂಗಡಿಯಿಂದ ಕುರಿಯ ಎಲುಬು ತರಿಸಿ, ಕುದಿಸಿ, ಬಿಸಿಲಿಗೆ ಒಣಗಿಸಿ ಪಾಠ ಮಾಡುತ್ತೇವೆ. ಬಾಗಿಲ ಮೇಲಿನ ಬೋರ್ಡು ಓದಿದವರಿಗೆ ಇದೆಲ್ಲ ಹೇಗೆ ಗೊತ್ತಾಗಬೇಕು?

ಆ ಹೆಂಗಸು ಮೊದಲ ಸಲ ಬಂದಾಗ ನಾನು ಪರೀಕ್ಷೆಯ ಪತ್ರಿಕೆ ತಿದ್ದುತ್ತಿದ್ದೆ. ಬೆಟಗೇರಿಯ ನೇಕಾರರ ಮನೆಯವಳು, ಐವತ್ತರ ಆಸುಪಾಸಿನ ವಯಸ್ಸು. ಬಾಗಿಲಲ್ಲೇ ಚಪ್ಪಲಿ ಬಿಟ್ಟು ಒಳಗೆ ಬಂದಳು.

“ಎಲುಬಿನ ಕಾಲೇಜು ಇದ ಹೌದಲ್ರಿ?”

ಹೌದೆಂದು ಕೂರಿಸಿದೆ. ಅವಳ ತಮ್ಮ ಮುಂಡರಗಿ ಕಡೆಯ ಗಾಳಿಯಂತ್ರಗಳ ಕಾವಲಿಗಿದ್ದನಂತೆ. ಹಿಂದಿನ ವರ್ಷ ಒಂದು ದಿನ ಕೆಲಸ ಮುಗಿಸಿ ಹೊರಟವನು ಮನೆ ಮುಟ್ಟಲಿಲ್ಲ. ಹುಡುಕದ ಊರಿಲ್ಲ. ಈ ಬೇಸಿಗೆಯಲ್ಲಿ ಶಿರಹಟ್ಟಿ ಹತ್ತಿರದ ಹಳೆಯ ಕಲ್ಲುಗಣಿಯ ನೀರು ಬತ್ತಿದಾಗ ತಳದಲ್ಲಿ ಮನುಷ್ಯನ ಎಲುಬುಗಳು ಕಂಡವು. ಪೊಲೀಸರು ಅವನ್ನು ಪ್ರಯೋಗಾಲಯಕ್ಕೆ ಕಳಿಸಿದ್ದರು. ಹೋಲಿಸಿ ನೋಡಲೆಂದು ಇವಳ ರಕ್ತವನ್ನೂ ತೆಗೆದುಕೊಂಡಿದ್ದರು. ಆಮೇಲೆ ಯಾವ ಖಬರೂ ಇರಲಿಲ್ಲ.

“ಪೊಲೀಸರು ಹೋದ ಮ್ಯಾಲ ನಾ ಆ ರಾಡಿಯೊಳಗ ಇಳದು ಹುಡುಕಿದ್ನಿರಿ. ಇದು ಸಿಕ್ಕಿತು,” ಎಂದು ಸೆರಗಿನ ಗಂಟು ಬಿಚ್ಚಿ, ಒಂದು ಹಲ್ಲನ್ನು ನನ್ನ ಮೇಜಿನ ಮೇಲಿಟ್ಟಳು. ತೊಳೆದು ಸ್ವಚ್ಛ ಮಾಡಿದ್ದಳು.

ಅಷ್ಟರಲ್ಲಿ ತರುಣ ಅಧ್ಯಾಪಕ ಒಳಗೆ ಬಂದಿದ್ದ. ಇಬ್ಬರೂ ನೋಡಿದೆವು. ಹಲ್ಲಿನ ಮೇಲ್ಮೈಯಲ್ಲಿ ಬಾಲಚಂದ್ರನಂಥ ಏಣುಗಳು. ನಾವು ಪ್ರತಿ ವರ್ಷ ಕೈಯಲ್ಲಿ ಹಿಡಿದು ತೋರಿಸುವ ಹಲ್ಲೇ ಅದು. ಅವನು ನನ್ನ ಮುಖ ನೋಡಿ ಕಿಟಕಿಯ ಕಡೆ ಹೋಗಿ ನಿಂತ.

“ಇದು ಮನುಷ್ಯಾರ ಹಲ್ಲಲ್ರಿ ಅಕ್ಕಾರ. ಕುರಿದು,” ಎಂದೆ.

ಅವಳು ಹಲ್ಲನ್ನು ಬೆರಳಿನಿಂದ ಹೊರಳಿಸಿ ನೋಡಿದಳು. “ಹಂಗಾರ ಅಲ್ಲಿ ಸತ್ತಾಂವ ನನ್ನ ತಮ್ಮ ಅಲ್ಲೇನ್ರಿ? ಅಂವ ಅದಾನೇನ್ರಿ?”

“ಹಂಗಲ್ರಿ. ಈ ಹಲ್ಲು ಅಷ್ಟ ಕುರಿದು. ಪೊಲೀಸರು ಒಯ್ದ ಎಲುಬು ಯಾರವು ಅಂತ ನಮಗ ಹೇಳಾಕ ಬರಂಗಿಲ್ಲ.”

“ಇದನ್ನ ನೋಡಿದ ಕೂಡ್ಲೆ ಹೇಳಿದ್ರಲ್ರಿ. ಅವನ್ನ ನೋಡಿದ್ರ ಹೇಳಾಕ ಬರಂಗಿಲ್ಲೇನ್ರಿ?”

ಎಲುಬು ನೋಡಿದರೆ ಗಂಡೋ ಹೆಣ್ಣೋ, ವಯಸ್ಸು ಸುಮಾರು ಎಷ್ಟು ಎಂದು ಹೇಳಬಹುದು, ಯಾರ ತಮ್ಮನೆಂದು ಹೇಳಲಾಗುವುದಿಲ್ಲ ಎಂದೆ. ಅದೂ ನಮಗೆ ತೋರಿಸುವವರಿಲ್ಲ ಎಂದೆ. ಅವಳು ತಲೆಯಾಡಿಸಿದಳು. ಹಲ್ಲನ್ನು ಬಿಟ್ಟು ಹೋಗುತ್ತಾಳೆ ಅಂದುಕೊಂಡೆ. ಮತ್ತೆ ಸೆರಗಿನಲ್ಲೇ ಕಟ್ಟಿಕೊಂಡಳು.

ಅವಳು ಹೋದ ಮೇಲೆ ತರುಣ ಅಧ್ಯಾಪಕ ಹೇಳಿದ: “ಮೇಡಂ, ಸ್ಟೇಷನ್ನಿಗೆ ಹೋಗಿ ಒಂದು ಚೂರು ಎಲುಬು ಕೇಳೂಣೇನ್ರಿ? ನಾವ ಮಾಡಿ ನೋಡಿದ್ರಾತು.”

“ಮಾಡಿ ಯಾರಿಗೆ ಹೇಳೂದು? ನಾವು ಹೇಳಿದ್ದು ಕೋರ್ಟಿನಾಗ ನಡೀತೈತಿ? ನಮ್ಮ ಮಷೀನಿನಾಗ ಅದು ಆಕ್ಕೈತೇನು?”

ಆಗುವುದಿಲ್ಲವೆಂದು ಅವನಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. ನಮ್ಮಲ್ಲಿದ್ದ ಯಂತ್ರ ವಿದ್ಯಾರ್ಥಿಗಳಿಗೆ ತೋರಿಸುವುದಕ್ಕಷ್ಟೇ. ಆ ಮಧ್ಯಾಹ್ನ ಅವನು ತರಗತಿಗೆ ಹೋಗಿ, ಅದೇ ಯಂತ್ರದ ಮುಂದೆ ನಿಂತು, ಸಾವಿರಾರು ವರ್ಷ ಹಳೆಯ ಎಲುಬಿನಿಂದಲೂ ಡಿಎನ್‌ಎ ತೆಗೆಯಬಹುದು ಎಂಬ ಪಾಠ ಮಾಡಿದ.

ಅವಳು ಮತ್ತೆ ಮತ್ತೆ ಬಂದಳು. ಮಗ್ಗದ ನೂಲನ್ನು ಕಂಡಿಕಿಯ ಸಣ್ಣ ಕೊಳವೆಗಳಿಗೆ ಸುತ್ತುವ ಕೆಲಸ ಅವಳದು. ಅದನ್ನು ಮುಟ್ಟಿಸಲು ಗದಗಿಗೆ ಬಂದಾಗೆಲ್ಲ ನಮ್ಮ ವರಾಂಡದ ಬೆಂಚಿನ ಮೇಲೆ ಕೂತಿರುತ್ತಿದ್ದಳು. ನಾನು ಪೊಲೀಸರಿಗೆ ಫೋನು ಮಾಡುವುದು, ವರದಿ ಬಂದಿಲ್ಲ ಅನ್ನಿಸಿಕೊಳ್ಳುವುದು, ಅದನ್ನೇ ಅವಳಿಗೆ ಹೇಳುವುದು. ಮಾಡಲು ಬೇರೆ ಏನೂ ಇರಲಿಲ್ಲ. ಕೆಲವು ದಿನ ಅವಳು ಬೆಂಚಿನ ಮೇಲಿರುವುದು ಕಂಡರೆ ನಾನು ಹಿಂದಿನ ಮೆಟ್ಟಿಲಿನಿಂದ ತರಗತಿಗೆ ಹೋದದ್ದೂ ಉಂಟು.

ಒಮ್ಮೆ ಚಹಾ ಕುಡಿಯುತ್ತ ಹೇಳಿದಳು: “ಅವನ ಹೇಣ್ತಿ ಮುಂಜಾನೆದ್ದು ಕುಂಕುಮ ಹಚ್ಚಿಕೊಳ್ಳೂ ಮುಂದ ನನ್ನ ಮಾರಿ ನೋಡ್ತಾಳ್ರಿ. ಹಚ್ಚಿಕೊಳ್ಳಲೇನು ಅಂತ ಬಾಯಿಬಿಟ್ಟು ಕೇಳಂಗಿಲ್ಲ. ನೋಡ್ತಾಳ ಅಷ್ಟ. ನಾ ಏನ್ ಹೇಳ್ಲಿರಿ?”

ಮಳೆಗಾಲ ಮುಗಿಯುವ ಹೊತ್ತಿಗೆ ವರದಿ ಬಂತು. ಶಿರಹಟ್ಟಿಯ ಪೊಲೀಸ್ ಸ್ಟೇಷನ್ನಿಗೆ ಅವಳ ಜೊತೆ ನಾವಿಬ್ಬರೂ ಹೋದೆವು. ಅಧಿಕಾರಿ ಒಳ್ಳೆಯ ಮನುಷ್ಯ, ಕುರ್ಚಿ ಹಾಕಿಸಿದ.

“ಗಂಡಸಿನ ಎಲುಬು ಅಂತ ಬಂದೈತ್ರಿ. ಡಿಎನ್‌ಎ ಮಾತ್ರ ಸಿಕ್ಕಿಲ್ಲಂತ. ನೀರಾಗ ಬಾಳ ದಿನ ಇದ್ದು ಕೆಟ್ಟಾವಂತ್ರಿ.”

“ಇನ್ನೊಂದು ಲ್ಯಾಬಿಗೆ ಕಳಸಾಕ ಬರಂಗಿಲ್ಲೇನ್ರಿ?” ಎಂದು ತರುಣ ಅಧ್ಯಾಪಕ ಕೇಳಿದ.

ಅಧಿಕಾರಿ ಒಪ್ಪಿದ, ಕಳಿಸಿದ ಕೂಡ. ಕೆಲವು ತಿಂಗಳ ನಂತರ ಅಲ್ಲಿಂದಲೂ ಅದೇ ಉತ್ತರ ಬಂತು. ಆ ಎರಡನೆಯ ವರದಿ ಬಂದ ದಿನ ಸ್ಟೇಷನ್ನಿನ ಹೊರಗೆ ಬೇವಿನ ಮರದ ಕೆಳಗೆ ನಿಂತು ಅವಳು ನನ್ನನ್ನು ಕೇಳಿದಳು.

“ಸಿಕ್ಕಿಲ್ಲ ಅಂದ್ರ ಏನ್ರಿ ಮೇಡಮ್ಮರ? ನಮ್ಮಂವ ಹೌದಂತೋ, ಅಲ್ಲಂತೋ?”

“ಎರಡೂ ಅಲ್ರಿ.”

“ಎರಡೂ ಅಲ್ಲಂದ್ರ?”

ಇಷ್ಟು ವರ್ಷ ಪಾಠ ಮಾಡಿದವಳು ಅದೇ ಮಾತನ್ನು ಇನ್ನೊಮ್ಮೆ ಹೇಳಿದೆ. ಪಕ್ಕದಲ್ಲಿದ್ದ ತರುಣ ಅಧ್ಯಾಪಕ ಕನ್ನಡಕ ತೆಗೆದು ಒರೆಸಿಕೊಂಡ.

ಉಳಿದ ಎಲುಬುಗಳನ್ನು ವಾರಸುದಾರರಿಲ್ಲದವು ಎಂದು ಮಣ್ಣು ಮಾಡುವ ದಿನ ಅಧಿಕಾರಿಯೇ ಫೋನು ಮಾಡಿ ತಿಳಿಸಿದ. ಅವಳು ಬಂದಿದ್ದಳು. ತಮ್ಮನ ಹೆಂಡತಿ ಬಂದಿರಲಿಲ್ಲ. ಊರ ಹೊರಗಿನ ಸ್ಮಶಾನದಲ್ಲಿ ಒಂದು ಸಣ್ಣ ಗುಂಡಿ ತೋಡಿದ್ದರು. ಬಿಳಿ ಬಟ್ಟೆಯ ಗಂಟನ್ನು ಒಳಗಿಟ್ಟ ಪೇದೆ, “ಒಂದ್ ಹಿಡಿ ಮಣ್ ಹಾಕ್ರಿ ಯವ್ವಾ,” ಎಂದ.

ಅವಳು ಬಗ್ಗಿ ಮಣ್ಣು ತೆಗೆದುಕೊಂಡಳು. ಗುಂಡಿಯ ತನಕ ಹೋದ ಕೈ ಹಾಗೇ ನಿಂತಿತು.

“ನಾ ಹಾಕಿದ್ರ ಅವನ ಅಂತ ಆಕ್ಕೈತ್ರಿ,” ಎಂದಳು. “ಹಾಕದಿದ್ರ, ಒಂದ್ ವ್ಯಾಳ್ಯಾ ಅವನ ಇದ್ರ, ಅಕ್ಕನ ಕೈಯಾನ ಮಣ್ಣೂ ಸಿಗಲಿಲ್ಲ ಅಂತಾನ.”

ಅವಳು ನನ್ನ ಕಡೆ ತಿರುಗಿ, ಆ ಹಿಡಿ ಮಣ್ಣನ್ನು ನನ್ನ ಅಂಗೈಗೆ ಸುರಿದಳು. “ನೀವ ಹಾಕ್ರಿ ಮೇಡಮ್ಮರ. ನೀವು ಹಾಕಿದ್ರ ಯಾರದೂ ಅಂತ ಆಗಂಗಿಲ್ಲ.”

ನಾನು ಹಾಕಿದೆ. ಉಳಿದ ಮಣ್ಣನ್ನು ಪೇದೆ ಸಲಿಕೆಯಿಂದ ಎಳೆದ.

ಬಸ್ಸಿನಲ್ಲಿ ಅವಳು ನನ್ನ ಪಕ್ಕದಲ್ಲೇ ಕೂತಳು. ತಮ್ಮನ ಹೆಂಡತಿ ಈಗ ಹೊಲಿಗೆ ಕಲಿಯಲು ಹೋಗುತ್ತಿದ್ದಾಳೆಂದು ಹೇಳಿದಳು. ತವರಿನವರು ಕರೆದರೂ ಹೋಗಿಲ್ಲವಂತೆ, ಕುಂಕುಮವನ್ನೂ ಬಿಟ್ಟಿಲ್ಲವಂತೆ. ಮನೆಗೆ ಹೋಗಿ ಅವಳಿಗೆ ಏನು ಹೇಳುತ್ತೀರಿ ಎಂದು ಕೇಳಿದೆ.

“ಲ್ಯಾಬಿನಿಂದ ಇನ್ನೂ ಬಂದಿಲ್ಲ ಅಂತೀನ್ರಿ,” ಎಂದಳು.

ಗದಗಿನಲ್ಲಿ ಇಳಿದು, ಬೆಟಗೇರಿಯ ಸಿಟಿ ಬಸ್ಸು ನಿಲ್ಲುವ ಕಡೆ ಜನರ ನಡುವೆ ನಡೆದು ಹೋದಳು. ಆಮೇಲೆ ಅವಳು ವಿಭಾಗಕ್ಕೆ ಬರಲಿಲ್ಲ.