ಇಬ್ಬರೂ ಒಟ್ಟಿಗೆ ನಕ್ಕಾಗ

ಟೀವಿಯಲ್ಲಿ ಮನೆಯ ಯಜಮಾನ ಏಣಿಯಿಂದ ಜಾರಿ ಹುಟ್ಟುಹಬ್ಬದ ಕೇಕಿನ ಮೇಲೆ ಕುಳಿತುಬಿಟ್ಟ. ಹಾಲ್‌ನಲ್ಲಿ ಪಪ್ಪ ನಕ್ಕರು. ಅದೇ ಕ್ಷಣಕ್ಕೆ ರೂಮಿನಲ್ಲಿ ಸೂಟ್‌ಕೇಸ್ ತುಂಬುತ್ತಿದ್ದ ಅಮ್ಮನೂ ನಕ್ಕಳು. ಕಾದಂಬರಿ ಆಧರಿಸಿದ ಆ ಹಳೆಯ ಹಾಲಿವುಡ್ ಹಾಸ್ಯಚಿತ್ರ ಅವಳಿಗೆ ಬಾಯಿಪಾಠ, ಸದ್ದು ಕೇಳಿದರೆ ಸಾಕು. ನೈರೋಬಿಯ ಪಂಗಾನಿಯ ನಮ್ಮ ಮನೆಯಲ್ಲಿ ಅವರಿಬ್ಬರು ಮಾತು ಬಿಟ್ಟು ತಿಂಗಳುಗಳಾಗಿದ್ದವು. ಮರುದಿನ ಅಮ್ಮ ಮೈಸೂರಿಗೆ ಹೊರಟಿದ್ದಳು, ವಾಪಸು ಬರುವುದಿಲ್ಲವೆಂದು.

"ಸುಮಾ, ಬಾರೇ, ಬಿದ್ದ ನೋಡು!" ಪಪ್ಪ ಹಳೆಯ ಅಭ್ಯಾಸದಲ್ಲಿ ಕೂಗಿಬಿಟ್ಟರು.

ಅಮ್ಮ ಬಾಗಿಲವರೆಗೆ ಬಂದಳು. "ನೋಡಿದೀನಿ ಕಣ್ರೀ."

ಪಪ್ಪನ ಪಕ್ಕ ಕೂತಿದ್ದ ನಾನು ಬಿಡುತ್ತೇನೆಯೇ? "ಸಾಕ್ಷಿ ಸಿಕ್ತಲ್ಲ! ಒಂದೇ ಜೋಕಿಗೆ ಇಬ್ರೂ ನಕ್ಕಿದೀರ. ಇನ್ನೂ ಬೇರೆ ಆಗೋದಕ್ಕೆ ಕಾರಣ ಹೇಳಿ, ನೋಡೋಣ."

"ನಗೋದ್ರಲ್ಲಿ ನಮಗೆ ಯಾವತ್ತೂ ಜಗಳ ಇರ್ಲಿಲ್ಲ ಲಾಯರಮ್ಮ," ಎಂದಳು ಅಮ್ಮ. "ಸಿನಿಮಾ ಮುಗಿದ್ಮೇಲೆ ಏನು ಮಾಡೋದು, ಅದು ಹೇಳು."

ಪಪ್ಪನಾದರೂ ಉತ್ತರ ಕೊಡುತ್ತಾರೆಂದು ತಿರುಗಿ ನೋಡಿದೆ. ಅವರು ಟೀವಿಯ ಸದ್ದು ಹೆಚ್ಚಿಸಿದರು. ಅಮ್ಮ ಒಳಗೆ ಹೋಗಿ ಬಟ್ಟೆ ಮಡಿಸುವ ಕೆಲಸ ಮುಂದುವರಿಸಿದಳು.

ಚರ್ಚಾಸ್ಪರ್ಧೆಗಳಲ್ಲಿ ಎದುರಾಳಿಯ ಬಾಯಿ ಮುಚ್ಚಿಸಿ ಅಭ್ಯಾಸ ನನಗೆ. ಈಗ ಯಾರಾದರೂ, ಒಟ್ಟಿಗೆ ನಗುವವರು ಒಟ್ಟಿಗೆ ಬಾಳುತ್ತಾರೆ ಎಂದರೆ, ವಾದಕ್ಕೂ ಇಳಿಯದೆ ಎದ್ದುಹೋಗುತ್ತೇನೆ.